ಎಷ್ಟನೆಯವಳು?

ನನಗೊಂದು ಕೆಟ್ಟ ಚಾಳಿಯಿದೆ. ಮದುವೆಯ ಕಾರ್ಡು ಕೈಗೆ ಬಂದರೆ ಮುಹೂರ್ತ ಯಾವಾಗ, ಛತ್ರ ಯಾವುದು ಎಂದು ನೋಡುವ ಮೊದಲೇ ಕೈ ಜೇಬಿನ ಪೆನ್ನಿಗೆ ಹೋಗುತ್ತದೆ. ಹಾಸನದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುವವನು ನಾನು. ಮದುವೆಯ ತಿಂಗಳುಗಳಲ್ಲಿ ನಮ್ಮ ಮನೆಯ ಟೀವಿಯ ಪಕ್ಕ, ಫ್ರಿಜ್ಜಿನ ಮೇಲೆ, ಕೊನೆಗೆ ಅಕ್ಕಿ ಡಬ್ಬದ ಮೇಲೂ ಅಂಚಿಗೆ ಅರಿಶಿನ ಮೆತ್ತಿದ ಕಾರ್ಡುಗಳು ಬಿದ್ದಿರುತ್ತವೆ. ಅವುಗಳ ಇಂಗ್ಲಿಷ್ ಮಗ್ಗುಲನ್ನು ನಾನು ತಿದ್ದುತ್ತೇನೆ. ತಿದ್ದಿ ಯಾರಿಗೂ ತೋರಿಸುವುದಿಲ್ಲ, ತಿದ್ದಿದ ಸುಖವೇ ಸಾಕು. ನನ್ನ ಹೆಂಡತಿ ಒಮ್ಮೆ ಹೇಳಿದಳು, ಅವರು ಊಟಕ್ಕೆ ಬನ್ನಿ ಅಂತ ಕಾರ್ಡು ಕೊಟ್ಟಿದ್ದಾರೆ, ಮಾರ್ಕ್ಸ್ ಹಾಕಿ ಅಂತಲ್ಲ. ನನಗೆ ನಗು ಬಂತು. ಚಾಳಿ ಹೋಗಲಿಲ್ಲ.

ನೀವು ಗಮನಿಸಿರಬಹುದು, ನಮ್ಮ ಕಡೆಯ ಕಾರ್ಡುಗಳಲ್ಲಿ ಹುಡುಗ ಹುಡುಗಿಗೆ ಹೆಸರಿನಷ್ಟೇ ಮುಖ್ಯವಾದದ್ದು ಅವರ ಸರದಿ. ಜ್ಯೇಷ್ಠ ಪುತ್ರ, ದ್ವಿತೀಯ ಪುತ್ರಿ, ಕನಿಷ್ಠ ಪುತ್ರ. ಇದು ಬೀಗರ ಅನುಕೂಲಕ್ಕೆ ಇರಬೇಕು. ದ್ವಿತೀಯ ಪುತ್ರಿ ಎಂದರೆ ಮೊದಲನೆಯವಳ ಮದುವೆ ಮುಗಿದಿದೆ, ದೊಡ್ಡ ಖರ್ಚು ಒಂದು ಆಗಿದೆ ಎಂದು ಓದಿಕೊಳ್ಳುವವರು ಓದಿಕೊಳ್ಳುತ್ತಾರೆ. ಕಾರ್ಡನ್ನು ತಿರುಗಿಸಿದರೆ ಅದೇ ಸರದಿ ಇಂಗ್ಲಿಷಿನಲ್ಲಿ ಇರುತ್ತದೆ, ಫಸ್ಟ್ ಸನ್, ಸೆಕೆಂಡ್ ಡಾಟರ್. ನನ್ನ ಪೆನ್ನು ಹೆಚ್ಚಾಗಿ ನಿಲ್ಲುವುದು ಅಲ್ಲೇ.

ಈ ಫಸ್ಟ್ ಸೆಕೆಂಡ್‌ಗಳ ಮೇಲೆ ನನಗೆ ಚಿಕ್ಕಂದಿನಿಂದಲೂ ಒಂದು ಅನುಮಾನ. ಅರಕಲಗೂಡಿಗೂ ಹೊಳೆನರಸೀಪುರಕ್ಕೂ ನಡುವಿನ ನಮ್ಮ ಹಳ್ಳಿಗೆ ಆ ಪದಗಳು ಪುಸ್ತಕಕ್ಕಿಂತ ಮೊದಲು ಬಸ್ಸಿನಲ್ಲಿ ಬಂದಿದ್ದವು. ಫಸ್ಟ್ ಬಸ್ಸಿಗೆ ಹಾಲಿನವರು, ಸೆಕೆಂಡ್ ಬಸ್ಸಿಗೆ ನೌಕರರು, ಲಾಸ್ಟ್ ಬಸ್ಸಿಗೆ ಕುಡಿದವರು. ಸೆಕೆಂಡ್ ಅಂದರೆ ಎರಡು ಎಂದು ನನಗೆ ಹೊಳೆದಿರಲೇ ಇಲ್ಲ, ಅದು ಆ ನೀಲಿ ಬಸ್ಸಿನ ಹೆಸರು ಎಂದುಕೊಂಡಿದ್ದೆ. ಆಮೇಲೆ ಅಕ್ಕ ಜಗಲಿಯ ಮೇಲೆ ಕೂರಿಸಿಕೊಂಡು ಸಾಲಾಗಿ ಕಲಿಸಿದಳು. ಫೋರಿಗೆ ಫೋರ್ತ್, ಸಿಕ್ಸಿಗೆ ಸಿಕ್ಸ್ತ್, ಹಾಗಾದರೆ ಒನ್‌ಗೆ ಒನ್ತ್, ಟೂಗೆ ಟೂತ್ ಯಾಕಿಲ್ಲ ಎಂದು ನಾನು ಹಟ ಹಿಡಿದೆ. ಟೂತ್ ಅಂದ್ರೆ ಹಲ್ಲು ಕಣ್ಲಾ ಎಂದು ಅಕ್ಕ ಮಾತು ಮುಗಿಸಿದಳು. ಅಥವಾ ಹಾಗೆ ಹೇಳಿದ್ದು ನಮ್ಮ ಮೇಷ್ಟ್ರೋ ಏನೋ. ನನ್ನ ನೆನಪಿನ ಮಾತನ್ನು ಪೂರ್ತಿ ನಂಬಬೇಡಿ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.

ಮೈಸೂರಿಗೆ ಎಂ.ಎ. ಓದಲು ಹೋದ ಮೇಲೆ ಆ ಅನುಮಾನಕ್ಕೆ ಉತ್ತರ ಸಿಕ್ಕಿತು. ಫಸ್ಟ್‌ಗೂ ಒಂದಕ್ಕೂ ಸಂಬಂಧವೇ ಇಲ್ಲ. ಅದು 'ಮುಂದೆ' ಎಂಬರ್ಥದ ಹಳೆಯ ಪದದಿಂದ ಬಂದದ್ದು, ಎಲ್ಲರಿಗಿಂತ ಮುಂದಿರುವುದು ಎಂದು ಅರ್ಥ. ಜರ್ಮನ್ನಿನಲ್ಲಿ ಅದರ ದಾಯಾದಿ ಪದಕ್ಕೆ ದೊರೆ ಎಂಬ ಅರ್ಥವಿದೆ. ನಾವೂ ಅಷ್ಟೇ, ಒಂದನೇ ಕ್ಲಾಸು ಎನ್ನುತ್ತೇವೆಯೇ ಹೊರತು ಒಂದನೇ ಮಗಳು ಎನ್ನುವುದಿಲ್ಲ, ಮೊದಲ ಮಗಳು ಎನ್ನುತ್ತೇವೆ. ಮೊದಲು ಎಂದರೆ ಹಳೆಗನ್ನಡದಲ್ಲಿ ಬುಡ, ಬೇರು. ಥರ್ಡ್ ಎಂಬುದು ಮೊದಲು ಥ್ರಿಡ್ ಎಂಬಂತೆ ಇತ್ತು, ನಮ್ಮವರ ಬಾಯಲ್ಲಿ ಸಿಗ್ನಲ್ ಹೋಗಿ ಸಿಂಗಲ್ ಆದಂತೆ ಅಕ್ಷರ ಹಿಂದುಮುಂದಾಯಿತು. ಎಲ್ಲಕ್ಕಿಂತ ಸೋಜಿಗ ಸೆಕೆಂಡಿನದು. ಇಂಗ್ಲಿಷರ ಬಳಿ ಎರಡನೆಯದಕ್ಕೆ ಪ್ರತ್ಯೇಕ ಪದವೇ ಇರಲಿಲ್ಲ, 'ಅದರ್', ಅಂದರೆ ಇನ್ನೊಂದು, ಎಂದೇ ಸುಧಾರಿಸುತ್ತಿದ್ದರು. ಗೊಂದಲ ಹೆಚ್ಚಾಗಿ ಫ್ರೆಂಚರಿಂದ ಸೆಕೆಂಡನ್ನು ಕಡ ತಂದರು. ಅದರ ಬೇರು ಲ್ಯಾಟಿನ್ನಿನಲ್ಲಿದೆ, ಹಿಂಬಾಲಿಸುವುದು ಎಂದು ಅರ್ಥ. ಸಿನಿಮಾದವರ ಸೀಕ್ವೆಲ್ಲೂ ಅದೇ ಮನೆತನದ್ದು. ಗಡಿಯಾರದ ಸೆಕೆಂಡು ಕೂಡ ಗಂಟೆಯನ್ನು ಒಮ್ಮೆ ಚೂರು ಮಾಡಿ ನಿಮಿಷವಾದ ಮೇಲೆ, ಅದರ ಹಿಂದೆಯೇ ಇನ್ನೊಮ್ಮೆ ಮಾಡಿದ ಚೂರು.

ಇದನ್ನೆಲ್ಲ ವರ್ಷವರ್ಷವೂ ಕ್ಲಾಸಿನಲ್ಲಿ ಹೇಳುತ್ತೇನೆ. ಹುಡುಗರು ಆಕಳಿಸುತ್ತಾರೆ. ಆಗ ನಾನು ಇಂಗ್ಲಿಷರಿಗೂ ಒಂದು ಏಟು ಹಾಕುತ್ತೇನೆ. ಇಷ್ಟೆಲ್ಲ ಇದ್ದರೂ ಅವರಲ್ಲಿ 'ಎಷ್ಟನೆಯ' ಎಂದು ಕೇಳಲು ಪದವಿಲ್ಲ. ಇವಳು ನಿಮಗೆ ಎಷ್ಟನೆಯವಳು ಎಂಬ ಸರಳ ಪ್ರಶ್ನೆಯನ್ನು ಇಂಗ್ಲಿಷಿಗೆ ತನ್ನಿ ನೋಡೋಣ ಎನ್ನುತ್ತೇನೆ. ಅಷ್ಟಕ್ಕೆ ಒಂದಿಬ್ಬರು ತಲೆಯೆತ್ತುತ್ತಾರೆ.

ಈ ಸಲ ಅಕ್ಕನ ಮಗಳು ಚೈತ್ರಳ ಮದುವೆ ಗೊತ್ತಾಯಿತು. ಅಕ್ಕನನ್ನು ಕೊಟ್ಟಿರುವುದು ಚನ್ನರಾಯಪಟ್ಟಣಕ್ಕೆ. ಭಾವನಿಗೆ ಅಲ್ಲಿ ತೆಂಗಿನ ತೋಟ, ಪೇಟೆಯಲ್ಲಿ ಕೊಬ್ಬರಿ ವ್ಯಾಪಾರ. ಮಕ್ಕಳಿಬ್ಬರು, ಚೈತ್ರ ಮತ್ತು ಅವಳ ತಮ್ಮ. ಒಂದು ಭಾನುವಾರ ಬೆಳಿಗ್ಗೆ ಕಾರ್ಡಿನ ಕರಡು ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಬಂತು, ಇಂಗ್ಲಿಷನ್ನು ಮಾವ ಒಂದು ಸಲ ನೋಡಲಿ ಎಂಬ ಒಕ್ಕಣೆಯೊಂದಿಗೆ. ಮಾವ ಅಂದರೆ ನಾನೇ, ಹುಡುಗಿಯ ಸೋದರಮಾವ. ಇಂಗ್ಲಿಷಿನಲ್ಲಿ ಸೆಕೆಂಡ್ ಡಾಟರ್ ಎಂದಿತ್ತು. ಕನ್ನಡದ ಮಗ್ಗುಲಲ್ಲಿ ದ್ವಿತೀಯ ಪುತ್ರಿ ಎಂದಿತ್ತು. ಇರುವವಳೇ ಒಬ್ಬಳು ಮಗಳು, ಅವಳು ಎರಡನೆಯವಳು ಹೇಗಾದಾಳು? ಪ್ರೆಸ್ಸಿನವರು ಹಳೆಯ ಕಾರ್ಡಿನ ಮೇಲೆ ಹೆಸರು ಬದಲಿಸಿದ್ದಾರೆ ಎಂದುಕೊಂಡೆ. ಅಷ್ಟು ಒಳ್ಳೆಯ ತಪ್ಪು ನನಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

ಸೆಕೆಂಡನ್ನು ಫಸ್ಟ್, ದ್ವಿತೀಯವನ್ನು ಜ್ಯೇಷ್ಠ ಎಂದು ತಿದ್ದಿ ಕಳಿಸಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನಾನು ಅದರ ಜೊತೆಗೆ ಗುಂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕಿದೆ. ಕ್ಲಾಸಿನಲ್ಲಿ ಆಕಳಿಸುವವರಿಗೆ ಹೇಳುವುದನ್ನೇ ರಾಗವಾಗಿ ಹೇಳಿದೆ. ಫಸ್ಟ್ ಅನ್ನೋದು ದೊರೆ ಇದ್ದ ಹಾಗೆ, ಒಂಟಿಯಾಗಿ ನಿಲ್ಲುತ್ತದೆ, ಆದರೆ ಸೆಕೆಂಡ್ ಅಂದರೆ ಹಿಂಬಾಲಿಸುವುದು, ಅದಕ್ಕೆ ಮುಂದೆ ಒಬ್ಬರು ಬೇಕೇ ಬೇಕು ಎಂದೆ. ಕೊನೆಗೆ, ಈಗ ಬರೆಯುವುದಕ್ಕೂ ಕೈ ಹಿಂದೆಗೆಯುವ ಆ ಮಾತನ್ನು ನಗುತ್ತಾ ಹೇಳಿದೆ: "ಅಕ್ಕಾ, ಇವ್ಳು ಎರಡ್ನೇಯವ್ಳಾದ್ರೆ ಮೊದಲ್ನೇಯವ್ಳನ್ನ ಎಲ್ಲಿ ಬಚ್ಚಿಟ್ಟಿದ್ದೀಯೇ?"

ಚಿಕ್ಕ ಹುಡುಗರೆಲ್ಲ ನಗುವ ಮುಖಗಳನ್ನು ಕಳಿಸಿದರು. ಒಬ್ಬ ಕೈ ಮುಗಿದು 'ಗುರುಗಳೇ' ಎಂದ. ಹಿರಿಯರು ಯಾರೂ ಏನೂ ಹೇಳಲಿಲ್ಲ. ಅವರಿಗೆ ಟೈಪು ಮಾಡಲು ಬರುವುದಿಲ್ಲವಲ್ಲ ಎಂದುಕೊಂಡು ಇಡ್ಲಿ ತಿಂದೆ. ಅಕ್ಕನ ಹೆಸರಿನ ಮುಂದೆ ಅವಳು ಕೇಳಿಸಿಕೊಂಡ ಗುರುತು ಬಿತ್ತು, ಅಷ್ಟೇ.

ಮಧ್ಯಾಹ್ನ ದುದ್ದದಿಂದ ಚಿಕ್ಕಮ್ಮನ ಫೋನು ಬಂತು. ನನ್ನ ತಾಯಿಯ ತಂಗಿ, ಅಮ್ಮ ಹೋದ ಮೇಲೆ ನನ್ನನ್ನು ಬೈಯಲು ಉಳಿದಿರುವ ಒಬ್ಬಳೇ ಹೆಂಗಸು. ಅವಳ ಮೊಮ್ಮಗಳು ನನ್ನ ಮೆಸೇಜನ್ನು ಜೋರಾಗಿ ಹಾಕಿ ಕೇಳಿಸಿದ್ದಳಂತೆ.

"ಏನ್ಲಾ ಶಿವು, ಓದಿ ಓದಿ ಬುದ್ಧಿ ಕೆಟ್ಟೋಯ್ತೇನ್ಲಾ? ನಿಮ್ಮಕ್ಕನ ಮೊದಲ್ನೇ ಮಗ ಎಲ್ಲೋಯ್ತು ಅಂತ ನಿಂಗೆ ಗೊತ್ತಿಲ್ವಾ?"

ನಮ್ಮ ಕಡೆ ಹೆಣ್ಣುಕೂಸಿಗೂ ಮಗ ಎನ್ನುತ್ತಾರೆ. ಹಾಗಾಗಿ ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ.

ಅಕ್ಕನಿಗೆ ಚೈತ್ರಳಿಗಿಂತ ಮೊದಲು ಒಂದು ಹೆಣ್ಣುಮಗು ಹುಟ್ಟಿತ್ತು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮುಂಚೆಯೇ ಹೋಗಿಬಿಟ್ಟಿತು. ಅದು ಹೋದಾಗ ನಾನು ಮೈಸೂರಿನಲ್ಲಿದ್ದೆ. ಸುದ್ದಿ ತಿಳಿದಿತ್ತು, ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮರೆತೆನೋ, ಮರೆಯುವುದು ಅನುಕೂಲವಾಗಿತ್ತೋ, ಈಗ ಹೇಳಲಾರೆ. ಹೆಸರಿರುವ ಸತ್ತವರನ್ನು ಮಾತಿನ ನಡುವೆ ಯಾರಾದರೂ ಕರೆಯುತ್ತಾರೆ. ಆ ಮಗುವಿಗೆ ಕರೆಯಲು ಹೆಸರಿರಲಿಲ್ಲ, ಮೊದಲ್ನೇದು ಎಂಬ ಸಂಖ್ಯೆಯೊಂದೇ ಇತ್ತು. ಅದನ್ನೂ ನಾನು ತಿದ್ದಿ ಚೈತ್ರಳಿಗೆ ಕೊಟ್ಟಿದ್ದೆ.

ನಾನು ಕೂಡಲೇ ಮೆಸೇಜನ್ನು ಅಳಿಸಲು ನೋಡಿದೆ. ಗಾಬರಿಯಲ್ಲಿ ಬೇರೆಯದನ್ನು ಒತ್ತಿಬಿಟ್ಟೆ, ನನ್ನ ಫೋನಿನಲ್ಲಿ ಮಾತ್ರ ಅಳಿಯಿತು. ಪ್ರೆಸ್ಸಿಗೆ ಫೋನು ಮಾಡಿದರೆ ಅವರು ಇನ್ನೊಂದು ಸುದ್ದಿ ಹೇಳಿದರು. ಭಾವ ಆಗಲೇ ಕರೆ ಮಾಡಿ, ನಮ್ಮ ಮೇಷ್ಟ್ರು ತಿದ್ದಿದ ಹಾಗೇ ಜ್ಯೇಷ್ಠ ಪುತ್ರಿ ಎಂದು ಮಾಡಿ ಎಂದಿದ್ದರಂತೆ. ನಾಳೆ ಅಚ್ಚಿಗೆ ಹೋಗುತ್ತದೆ ಸಾ, ನೀವು ಹೇಳಿದ್ದು ಒಳ್ಳೆಯದಾಯ್ತು ಎಂದರು.

ಚಿಕ್ಕಮ್ಮನನ್ನು ಮತ್ತೆ ಕೇಳಿದಾಗ ಉಳಿದದ್ದು ತಿಳಿಯಿತು. ದ್ವಿತೀಯ ಎಂದು ಹಾಕಿಸಬೇಕೆಂದು ಅಕ್ಕ ಪಟ್ಟು ಹಿಡಿದಿದ್ದಳಂತೆ. ಶುಭಪತ್ರದಲ್ಲಿ ಅದೆಲ್ಲ ಬೇಡ, ಬೀಗರು ಏನೆಂದುಕೊಂಡಾರು ಎಂದು ಭಾವ ಹೇಳುತ್ತಾ ಬಂದು, ಕೊನೆಗೆ ಸೋತು ಒಪ್ಪಿದ್ದರಂತೆ. ಅಷ್ಟರಲ್ಲಿ ನನ್ನ ಮೆಸೇಜು ಬಂತು. ನೋಡು, ಓದಿದ ನಿನ್ನ ತಮ್ಮನೇ ತಪ್ಪು ಅಂತ ಹೇಳವ್ನೆ ಎಂದರಂತೆ ಭಾವ. ಅಕ್ಕ ಎದ್ದು ಅಡುಗೆಮನೆಗೆ ಹೋದಳಂತೆ.

ಕಾರು ಓಡಿಸಲು ಧೈರ್ಯ ಬರಲಿಲ್ಲ. ಚನ್ನರಾಯಪಟ್ಟಣದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತು ಆ ಮಗುವನ್ನು ನೆನಪು ಮಾಡಿಕೊಳ್ಳಲು ಶುರುಮಾಡಿದೆ. ಏನೂ ಬರಲಿಲ್ಲ. ಬಂದದ್ದು ಚೈತ್ರಳದ್ದೇ. ಹೊಳೆನರಸೀಪುರದ ಆಸ್ಪತ್ರೆ, ಬೆಂಚಿನ ಮೇಲೆ ಫ್ಲಾಸ್ಕು ಹಿಡಿದು ಕುಳಿತ ಅಮ್ಮ, ಅಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ ಕೂಸು, ಅದು ಸೀನಿದ್ದು, ಕಿಟಕಿಯಾಚೆ ಹರಿಯುತ್ತಿದ್ದ ಹೇಮಾವತಿ. ಈ ಕತೆಯನ್ನು ನಾನು ಚೈತ್ರಳ ಎಷ್ಟೋ ಹುಟ್ಟುಹಬ್ಬಗಳಲ್ಲಿ ಹೇಳಿದ್ದೇನೆ. ನೀನು ನನ್ನ ಮುಖ ನೋಡಿ ಮೊದಲು ಮಾಡಿದ ಕೆಲಸ ಸೀನಿದ್ದು ಎಂದು ರೇಗಿಸಿದ್ದೇನೆ. ಆಮೇಲೊಮ್ಮೆ ಕೆಲಸದ ಮೇಲೆ ಅದೇ ಆಸ್ಪತ್ರೆಗೆ ಹೋಗಿದ್ದಾಗ ಅಲ್ಲಿಂದ ಹೊಳೆ ಕಾಣುವುದೇ ಇಲ್ಲ ಎಂದು ಗೊತ್ತಾಗಿತ್ತು. ಹೊಳೆಯನ್ನು ನನ್ನ ತಲೆ ಸೇರಿಸಿತ್ತು. ಅಷ್ಟು ಕಂಡುಹಿಡಿದ ನನ್ನ ಸಂಶಯಬುದ್ಧಿ ಅಲ್ಲಿಗೇ ತೃಪ್ತಿಪಟ್ಟು ಮಲಗಿತ್ತು.

ಬಸ್ಸು ಶಾಂತಿಗ್ರಾಮ ದಾಟುವಾಗ ಅದು ಎದ್ದಿತು. ತವರಿನಲ್ಲಿ ಮಾಡುವುದು ಮೊದಲ ಹೆರಿಗೆಯನ್ನು. ಚೈತ್ರ ಹುಟ್ಟಿದ್ದು ಚನ್ನರಾಯಪಟ್ಟಣದಲ್ಲಿ, ಭಾವನ ತಂಗಿಯೊಬ್ಬಳು ಅದನ್ನು ಸಾವಿರ ಸಲ ಹೇಳಿದ್ದಾಳೆ. ಹಾಗಾದರೆ ಹೊಳೆನರಸೀಪುರದಲ್ಲಿ ಸೀನಿದವಳು ಯಾರು?

ಅಕ್ಕನ ಮನೆಯಲ್ಲಿ ಬಾಗಿಲು ತೆಗೆದವರು ಭಾವ. ಬಾಪ್ಪ ಶಿವಣ್ಣ ಎಂದು ಎಂದಿನಂತೆ ಕೂರಿಸಿ, ಪ್ರೆಸ್ಸಿನವರು ಮಾಡಿದ ತಪ್ಪಿನ ಮಾತನ್ನು ತಾವೇ ಎತ್ತಿದರು. ಅದು ತಪ್ಪಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ತಲೆ ತಗ್ಗಿಸಿಯೇ ಹೇಳಿದೆ, ಭಾವ, ಕಾರ್ಡು ಸರಿಯಾಗೇ ಇತ್ತು, ತಪ್ಪಿದ್ದು ನಾನು, ಮೊದಲಿದ್ದ ಹಾಗೇ ಹಾಕಿಸಿ. ಅವರ ಮೇಲೆ ನನಗೆ ದಾರಿಯುದ್ದಕ್ಕೂ ಸ್ವಲ್ಪ ಕೋಪವಿತ್ತು, ಬೀಗರಿಗೆ ಹೆದರುವ ಮನುಷ್ಯ ಎಂದು. ಅದೂ ನನ್ನದೇ ತಪ್ಪು ಲೆಕ್ಕ.

"ಮಣ್ಣು ಮಾಡ್ದೋನು ನಾನು ಕಣಯ್ಯ," ಎಂದರು ಭಾವ. "ನಿಮ್ಮಕ್ಕ ನೋಡ್ಲಿಲ್ಲ. ಅದ್ಕೇ ಅವ್ಳಿಗೆ ಕಾರ್ಡ್ನಾಗೆ ಬೇಕು. ನಂಗೆ ಆ ಅಕ್ಸರ ನೋಡಕಾಗಕಿಲ್ಲ."

ಅಕ್ಕ ಅಡುಗೆಮನೆಯಿಂದ ಬಂದು ಕಾಫಿ ಕೊಟ್ಟಳು. ನನ್ನ ಕಡೆ ನೋಡಲಿಲ್ಲ, ಸಕ್ಕರೆ ಮಾತ್ರ ನನಗೆ ಬೇಕಾದಷ್ಟೇ ಇತ್ತು. ನನ್ನಿಂದ ತಪ್ಪಾಯ್ತು ಎಂದೆ. ಅವಳು ಆ ಮಾತನ್ನು ಕೇಳಿಸಿಕೊಳ್ಳದವಳಂತೆ ಗೋಡೆಗೆ ಒರಗಿ ಕುಳಿತು ಬೇರೆಯದನ್ನು ಶುರುಮಾಡಿದಳು. ಚೈತ್ರ ಹೊಟ್ಟೆಯಲ್ಲಿದ್ದಾಗ ಬಾವಿಯ ಹತ್ತಿರ, ಅಂಗಡಿಯ ಹತ್ತಿರ, ಡಾಕ್ಟರರ ಹತ್ತಿರ ಎಲ್ಲರೂ ಕೇಳುತ್ತಿದ್ದದ್ದು ಒಂದೇ, ಎಷ್ಟನೇದಮ್ಮ? ಅಕ್ಕ ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದು ಚೊಚ್ಚಲು ಎನ್ನುತ್ತಿದ್ದರು. ಎರಡನೇದು ಎಂದರೆ ಮೊದಲನೇದು ಏನಾಯಿತು ಎಂದು ಕೇಳುತ್ತಾರೆ, ಹೊಟ್ಟೆಯಲ್ಲಿರುವುದಕ್ಕೆ ಒಳ್ಳೆಯದಲ್ಲ ಎಂದು. ಅತ್ತೆ ಕೆಟ್ಟವರಲ್ಲ, ಭಯ ಅವರಿಗೆ. ಅಕ್ಕ ಹೂಂ ಎಂದು ಸುಮ್ಮನಾಗುತ್ತಿದ್ದಳು.

"ಒಬ್ಬಳ್ಗೆ ಎಲ್ಡು ಸಲ ಚೊಚ್ಚಲು ಆಯ್ತದೇನ್ಲಾ?" ಎಂದಳು.

ನಾನು ಲೋಟ ಕೆಳಗಿಟ್ಟೆ. ಹೊಳೆನರಸೀಪುರದ್ದು ಚೈತ್ರ ಅಲ್ಲ ಅಲ್ವಾ ಅಕ್ಕ ಎಂದು ಕೇಳಿದೆ. ಆಗ ಮೊದಲ ಸಲ ನನ್ನ ಮುಖ ನೋಡಿದಳು.

"ನಂಗೆ ಮೊದ್ಲಿಂದ್ಲೂ ಗೊತ್ತು ನೀನು ಕಲೆಸ್ಕೊಂಡಿದ್ದೀಯ ಅಂತ. ನೀನು ಚೈತ್ರಂಗೆ ಆ ಸೀನಿನ ಕತೆ ಏಳೋವಾಗೆಲ್ಲ ನಾನು ಬಾಯಿ ಬುಡ್ಲಿಲ್ಲ. ಯಾರ ಎಸರಲ್ಲಾದ್ರೂ ಇರ್ಲಿ, ಅವ್ಳ ಕತೆ ಏಳೋನು ನೀನೊಬ್ನೇ ಅಲ್ವಾ."

ವರ್ಷಗಟ್ಟಲೆ ಅಕ್ಕ ನನ್ನ ತಪ್ಪನ್ನು ತಿದ್ದದೆ ಬಿಟ್ಟಿದ್ದಳು, ಆ ತಪ್ಪಿನೊಳಗೆ ಅವಳಿಗೆ ಬೇಕಾದದ್ದು ಇದ್ದ ಕಾರಣ. ನಾನು ಅವಳ ಸರಿಯನ್ನು ಒಂದು ಬೆಳಗಿನಲ್ಲಿ ತಿದ್ದಿಬಿಟ್ಟಿದ್ದೆ. ಆ ಹೊತ್ತು ನನಗಾದ ನಾಚಿಕೆಗೆ ಲ್ಯಾಟಿನ್ನಿನಲ್ಲಾಗಲಿ ಕನ್ನಡದಲ್ಲಾಗಲಿ ಬೇರು ಹುಡುಕುವ ಶಕ್ತಿ ಇರಲಿಲ್ಲ.

ಬೀಗರು ಕೇಳಿದರೆ ಯಾರು ಹೇಳುತ್ತಾರೆ ಎಂದು ಭಾವ ಮೆಲ್ಲಗೆ ಕೇಳಿದರು. ಬೀಗರು ಅರಕಲಗೂಡಿನವರು. ಅತ್ತ ಕಡೆಯ ಕಾರ್ಡುಗಳನ್ನೆಲ್ಲ ನಾನೇ ಹಂಚುತ್ತೇನೆ, ಕೇಳಿದವರಿಗೆಲ್ಲ ನಾನೇ ಹೇಳುತ್ತೇನೆ ಎಂದೆ. ಭಾವ ಫೋನು ತೆಗೆದುಕೊಂಡು ಹೊರಗೆ ಹೋದರು. ಪ್ರೆಸ್ಸಿನವರಿಗೆ ಏನು ಹೇಳಿದರೋ ಕೇಳಿಸಲಿಲ್ಲ. ಕಾರ್ಡು ದ್ವಿತೀಯ ಎಂದೇ ಬಂತು.

ಕಾರ್ಡು ಹಂಚುವುದು ಸುಲಭವೆಂದು ನೀವು ತಿಳಿದಿದ್ದರೆ, ಆ ಒಂದು ಪದವಿರುವ ಕಾರ್ಡನ್ನು ಹಂಚಿ ನೋಡಿ. ನಮ್ಮ ಜನ ಕಾರ್ಡನ್ನು ನನಗಿಂತ ಚೆನ್ನಾಗಿ ಓದುತ್ತಾರೆ. ಕುಂಕುಮ ಇಟ್ಟು ಕಾರ್ಡು ಕೊಟ್ಟು, ನೀರು ಕುಡಿದು ಮುಗಿಸುವುದರೊಳಗೆ, ದೊಡ್ಡವಳನ್ನ ಎಲ್ಲಿಗೆ ಕೊಟ್ಟಿದ್ದಾರೆ ಎಂಬ ಪ್ರಶ್ನೆ ಬರುತ್ತಿತ್ತು. ನಾನು ಹೇಳುತ್ತಿದ್ದೆ. ಕೆಲವರು ಛೆ ಎಂದು ಬೇಗ ಮಾತು ಬದಲಿಸುತ್ತಿದ್ದರು. ಒಬ್ಬ ಹೆಡ್‌ಮೇಷ್ಟ್ರು, ಇದನ್ನ ಹಾಕಿಸಬಾರದಿತ್ತು, ನೀವು ತಿಳಿದವರು ಹೇಳೋದಲ್ವಾ ಎಂದರು. ಹೇಳಿ ಕೆಟ್ಟವನು ನಾನೇ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಬೀಗರ ಮನೆಯಲ್ಲಿ ಗಂಡಿನ ತಾಯಿ ಕಾರ್ಡನ್ನು ಓದಿ, ಹೂಂ, ಗೊತ್ತು, ಚೈತ್ರಾನೇ ಹೇಳವ್ಳೆ ಎಂದು ದೇವರ ಮುಂದಿಟ್ಟರು. ಭಾವ ಹೆದರಿದ್ದ ಜಾಗದಲ್ಲಿ ಏನೂ ಆಗಲಿಲ್ಲ.

ಕೊನೆಗೆ ಕೊಣನೂರಿನಲ್ಲಿ ಅಮ್ಮನ ಸೋದರತ್ತೆಯ ಮನೆ. ಅಜ್ಜಿಗೆ ಕಣ್ಣು ಮಂಜು, ಸೊಸೆ ಓದಿ ಹೇಳಿದಳು. ಅಜ್ಜಿಯೂ ಅದೇ ಪ್ರಶ್ನೆ ಕೇಳಿತು, ನಾನೂ ಅದೇ ಉತ್ತರ ಕೊಟ್ಟೆ. ಈ ಹೊತ್ತಿಗೆ ಆ ಉತ್ತರ ನನ್ನ ಬಾಯಿಗೆ ಪಾಠದಂತೆ ಕೂತಿತ್ತು, ಅದಕ್ಕೂ ಒಳಗೊಳಗೇ ನಾಚಿಕೆಯಾಗುತ್ತಿತ್ತು. ಅಜ್ಜಿ ಮಾತು ಬದಲಿಸಲಿಲ್ಲ.

"ಮುಖ ಯಾರಂಗಿತ್ತು ಮಗ?" ಎಂದು ಕೇಳಿತು.

ನಾನು ಹಂಚಿದ ಯಾವ ಮನೆಯಲ್ಲೂ ಯಾರೂ ಕೇಳದ ಪ್ರಶ್ನೆ ಅದು. ಎತ್ತಿಕೊಂಡಿದ್ದೆ ಅಜ್ಜಿ, ಮುಖ ನೆನಪಿಲ್ಲ ಎಂದೆ. ಎತ್ಕೊಂಡೋನ್ಗೆ ಮುಖ ನೆಪ್ಪಿಲ್ವಾ ಎಂದು ಅಜ್ಜಿ ಸೊಸೆಯ ಕಡೆ ತಿರುಗಿತು. ಮೂಗಿತ್ತೆಂದು ಗೊತ್ತು, ಸೀನಿತಲ್ಲ. ಅದಕ್ಕಿಂತ ಹೆಚ್ಚು ಹೇಳಿದರೆ ಹೊಳೆಯ ಹಾಗೆ ಅದನ್ನೂ ನಾನೇ ಸೇರಿಸಿದಂತೆ ಆಗುತ್ತಿತ್ತು. ಬೇರೆ ದಾರಿ ಕಾಣದೆ ಅಲ್ಲೇ ನಿಂತು ಅಕ್ಕನಿಗೆ ಫೋನು ಮಾಡಿದೆ. ಅಜ್ಜಿ ಹೀಗೆ ಕೇಳ್ತಿದೆ ಎಂದೆ. ಆ ಕಡೆ ಕುಕ್ಕರಿನ ಸದ್ದು, ಯಾರೋ ಬಂದು ಹೋಗುವ ಸದ್ದು. ಆಮೇಲೆ ಆ ಸದ್ದೂ ನಿಂತಿತು. ಕಟ್ಟಾಯಿತೇನೋ ಎಂದು ನಾನು ಫೋನನ್ನು ಕಿವಿಯಿಂದ ತೆಗೆದು ನೋಡಿದೆ.

"ಅಜ್ಜಿ ಕೈಗೆ ಕೊಡು ಕಣ್ಲಾ," ಎಂದಳು ಅಕ್ಕ.

ಕೊಟ್ಟು ಅಂಗಳಕ್ಕೆ ಬಂದೆ. ಅಜ್ಜಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳುತ್ತಿತ್ತು. ಆಗಾಗ ಹೂಂ ಎನ್ನುತ್ತಿತ್ತು, ಒಮ್ಮೆ ನಕ್ಕಿತು, ಒಮ್ಮೆ ಸೊಸೆಯನ್ನು ಕರೆದು ಏನನ್ನೋ ಹೇಳಿತು. ಅಕ್ಕ ಮಾತಾಡುತ್ತಲೇ ಇದ್ದಳು. ಬಿಸಿಲು ಮೆಟ್ಟಿಲಿನಿಂದ ಇಳಿದು ಅಂಗಳಕ್ಕೆ ಬರುವವರೆಗೂ ಮಾತಾಡುತ್ತಿದ್ದಳು. ಅಜ್ಜಿ ಫೋನು ವಾಪಸು ಕೊಟ್ಟಾಗ ಅದು ಬಿಸಿಯಾಗಿತ್ತು. ಏನು ಹೇಳಿದಳು ಎಂದು ಕೇಳುವ ಮುಖ ನನಗಿರಲಿಲ್ಲ.